ಹದಿನೈದು ನಿಮಿಷ ಮುಂದೆ

ನವೆಂಬರ್ 3, ಸೋಮವಾರ

ಚಹಾ ಆಯಿತು. ಮೊಬೈಲಿನಲ್ಲಿ ಓಣಿ ನೋಡಿದೆ — ಹಾಲಿನವನು, ಎರಡು ನಾಯಿ, ಗುಡಿಗೆ ಹೊರಟ ಹೆಣ್ಣುಮಕ್ಕಳು. ಕ್ಯಾಮೆರಾ ಹಾಕಿಸಿ ತಿಂಗಳಾಯಿತು. ಎರಡು ಬೈಕ್ ಕಳುವಾದಾಗ ಓಣಿಯ ಕಮಿಟಿಯವರದು ಬರೀ ಬಾಯಿಮಾತು. ಸ್ವಂತ ದುಡ್ಡಿನಲ್ಲಿ ಹಾಕಿಸಿದವನು ನಾನು, ಬಸ್‌ಸ್ಟ್ಯಾಂಡಿನ ಮಾಜಿ ಕಂಟ್ರೋಲರ್ ಭಾಗಪ್ಪ.

ಟಿವಿಯಲ್ಲೂ ಅದೇ ಚರ್ಚೆ. ರಸ್ತೆಗೆಲ್ಲ ಕ್ಯಾಮೆರಾ, ಮುಖ ಗುರುತಿಸುವ ಮಷೀನು... ಒಬ್ಬ ವಕೀಲ ಹಕ್ಕು, ಖಾಸಗಿತನ ಎಂದು ಕೂಗುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ! ತಪ್ಪು ಮಾಡದವನಿಗೆ ಏನು ಭಯ?

ಹೆಂಡತಿ ತಿಪ್ಪವ್ವ ರೊಟ್ಟಿ ಬಡಿಯುತ್ತಲೇ ಅಂದಳು: "ಎದುರುಮನಿ ಆಶಾಬಿ ಅಂಗಳ ಕಸ ಹೊಡಿಯೂದೂ ನಿಮ್ಮ ಫೋನಿನ್ಯಾಗ ಕಾಣತದ. ಆಕಿನ್ನ ಒಂದ ಮಾತ ಕೇಳೀರೇನು?"

ಕೇಳುವುದೇನು ಬಂತು. ಆಕೆಯ ಗಂಡ ಗೈಬುಸಾಬ ನನಗೆ ಮೂವತ್ತು ವರ್ಷದ ಗೆಳೆಯ. ಗಾದಿ ಮಾಡುವವ. ಈ ಓಣಿ ಮಲಗುವುದೇ ಅವನು ಹಿಂಜಿದ ಅರಳೆಯ ಮೇಲೆ.

ನವೆಂಬರ್ 5, ಬುಧವಾರ

ಮೂಲೆಮನೆಯ ಗುರುಸಿದ್ದವ್ವನಲ್ಲಿ ಕಳುವು. ದಿನಾ ನಸುಕಿನ ಐದೂವರೆಗೆ ಹಿಂದಿನ ಸಂದಿಯಿಂದ ಸಿದ್ಧೇಶ್ವರ ಗುಡಿಗೆ ಹೋಗುತ್ತಾಳೆ. ಇವತ್ತು ಆರಕ್ಕೆ ಬಂದರೆ ಬೀಗ ಮುರಿದಿದೆ. ದೇವರ ಬೆಳ್ಳಿ ಸಾಮಾನು ಪೂರಾ ಇಲ್ಲ. ಮುದುಕಿ ಎದೆ ಬಡಿದುಕೊಂಡು ಅತ್ತಳು.

ಪೊಲೀಸರು ನೇರ ನಮ್ಮ ಮನೆಗೇ ಬಂದರು. ಹೆಮ್ಮೆಯಾಯಿತು, ಸುಳ್ಳೇಕೆ. ಐದೂವರೆಯಿಂದ ಆರರೊಳಗೆ ಕ್ಯಾಮೆರಾದಲ್ಲಿ ಕಂಡವನು ಒಬ್ಬನೇ. 5.40. ತಲೆಯ ಮೇಲೆ ದೊಡ್ಡ ಗಂಟು. ಗೈಬುಸಾಬ.

"ಇಂವ ಯಾರ್ರಿ?" ಅಂದರು ಸಾಹೇಬರು. ಹೇಳಿದೆ. ಪೆನ್ ಡ್ರೈವ್ ಕೊಟ್ಟೆ. ಹೇಳಿಕೆಗೆ ಸಹಿ ಹಾಕಿದೆ. ಕೈ ಕುಲುಕಿದರು.

ಗಂಟಿನಲ್ಲಿದ್ದದ್ದು ಗಾದಿಯೇ ಇರಬೇಕು. ವಿಚಾರಿಸಿದರೆ ಗೊತ್ತಾಗುತ್ತದೆ, ಬಿಡುತ್ತಾರೆ.

ನವೆಂಬರ್ 6, ಗುರುವಾರ, ಮಧ್ಯಾಹ್ನ

ಗೈಬುಸಾಬನನ್ನು ಬೆಳಿಗ್ಗೆ ಎತ್ತಿಕೊಂಡು ಹೋದರು. ನನ್ನನ್ನೂ ಠಾಣೆಗೆ ಕರೆಸಿದರು. ಅವನು ಹೇಳುವುದು — ಬಿಜ್ಜರಗಿ ಹಳ್ಳಿಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾಳೆ, ಆಕೆಗೆ ಹೊಸ ಗಾದಿ ಒಯ್ದೆ, ಆ ಕಡೆ ಹೋಗುವ 5.45ರ ತಿಕೋಟಾ ಬಸ್ಸಿಗೆ ಹೋದೆ ಎಂದು.

ಸಾಹೇಬರು ಕೇಳಿದರು: "ನೀವು ಕಂಟ್ರೋಲರ ಇದ್ದವ್ರು. 5.40ಕ್ಕ ಓಣ್ಯಾಗ ಇದ್ದಾಂವ 5.45ರ ಬಸ್ ಹಿಡೀತಾನೇನ್ರಿ?"

"ಸಾಧ್ಯನ ಇಲ್ರಿ ಸರ. ಬಸ್‌ಸ್ಟ್ಯಾಂಡಿಗೆ ಕಾಲು ತಾಸು ಬೇಕು. ಆ ಬಸ್ಸು ಎಂದೂ ತಡಾ ಆಗೂದಿಲ್ಲ."

ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಅಷ್ಟೇ. ಗೈಬುಸಾಬ ಅಲ್ಲೇ ನೆಲದ ಮೇಲೆ ಕೂತಿದ್ದ. "ಕಂಟ್ರೋಲರ ಸಾಹೇಬ್ರ, ಖರೇನ ಅದ ಬಸ್ಸಿಗೆ ಹೋಗೀನ್ರಿ" ಅಂದ. ಟಿಕೆಟ್ ಎಸೆದನಂತೆ. ಎಸೆಯದೆ ಯಾರು ಇಟ್ಟುಕೊಳ್ಳುತ್ತಾರೆ.

ಅದೇ ದಿನ, ರಾತ್ರಿ 8

ಊಟಕ್ಕೆ ಕೂತಾಗ ತಿಪ್ಪವ್ವ ಗೋಡೆ ಗಡಿಯಾರ ನೋಡುತ್ತ ಕೇಳಿದಳು: "ಅಲ್ರಿ, ಕ್ಯಾಮೆರಾಕ್ಕ ಯಾವ ಟೈಮ್ ಹಾಕ್ಸೀರಿ?"

ನಾನೂ ತಲೆ ಎತ್ತಿ ಗಡಿಯಾರ ನೋಡಿದೆ.

ನಮ್ಮ ಮನೆಯ ಗಡಿಯಾರ ಮೊದಲಿಂದಲೂ ಹದಿನೈದು ನಿಮಿಷ ಮುಂದೆ. ಡ್ಯೂಟಿಗೆ ತಡವಾಗಬಾರದೆಂದು ಇಟ್ಟದ್ದು, ನಿವೃತ್ತನಾದರೂ ಹಾಗೇ ಬಿಟ್ಟೆ. ಕ್ಯಾಮೆರಾ ಕೂರಿಸಿದ ಶಿವಾಜಿ "ಟೈಮ್ ಎಷ್ಟ ಇಡ್ಲಿರಿ?" ಅಂದಾಗ "ಗಡಿಯಾರ ನೋಡಿ ಇಡಪಾ" ಎಂದವನು ನಾನೇ. ಮೊಬೈಲ್ ತೆಗೆದು ನೋಡಿದೆ. ಮೊಬೈಲಿನಲ್ಲಿ 8.02. ಕ್ಯಾಮೆರಾದಲ್ಲಿ 8.17.

ಅಂದರೆ ಗೈಬುಸಾಬ ಹೋದದ್ದು 5.25ಕ್ಕೆ. ಗುರುಸಿದ್ದವ್ವ ಆಗ ಮನೆಯಲ್ಲೇ ಇದ್ದಳು. ಬಸ್ಸೂ ಸಿಕ್ಕಿದೆ. ಅವನು ಹೇಳಿದ್ದೆಲ್ಲ ಖರೆ.

ನಾಳೆ ಬೆಳಗಾದ ಕೂಡಲೇ ಹೋಗಿ ಹೇಳುತ್ತೇನೆ.

ನವೆಂಬರ್ 7, ಶುಕ್ರವಾರ

ಹೋಗಲಿಲ್ಲ. ಠಾಣೆಯ ಗೇಟಿನ ತನಕ ಹೋಗಿ ತಿರುಗಿದೆ.

ಸಹಿ ಮಾಡಿದ್ದೇನೆ. ಸುಳ್ಳು ಸಾಕ್ಷಿ ಎಂದು ನನ್ನ ಮೇಲೆಯೇ ಕೇಸ್ ಹಾಕಿದರೆ? ಪಿಂಚಣಿ? ಕಳ್ಳನನ್ನು ಹಿಡಿದುಕೊಟ್ಟೆನೆಂದು ಭಾನುವಾರ ಕಮಿಟಿಯವರು ನನಗೆ ಸನ್ಮಾನ ಬೇರೆ ಇಟ್ಟುಕೊಂಡಿದ್ದಾರೆ. ಗೈಬುಸಾಬನನ್ನು ಕೋರ್ಟಿನಿಂದ ಜೈಲಿಗೆ ಕಳಿಸಿದರಂತೆ. ಹೇಗಿದ್ದರೂ ಜಾಮೀನು ಸಿಗುತ್ತದೆ...

ತಿಪ್ಪವ್ವ ಮಾತು ಬಿಟ್ಟಿದ್ದಾಳೆ. ತಾಟು ಕುಕ್ಕಿ ಹೋಗುತ್ತಾಳೆ.

ನವೆಂಬರ್ 8, ಶನಿವಾರ

ಆಶಾಬಿ ಬಂದಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತಳು.

ಬೆಳ್ಳಿ ಹುಡುಕಲು ಪೊಲೀಸರು ನಿನ್ನೆ ಬಿಜ್ಜರಗಿಗೆ ಹೋಗಿದ್ದರಂತೆ. ಮುದುಕಿಯನ್ನು ಎತ್ತಿ ನೆಲಕ್ಕೆ ಮಲಗಿಸಿ, ಗಾದಿ ಹರಿದು, ಅರಳೆಯನ್ನೆಲ್ಲ ಹೊರಗೆ ತೆಗೆದು ನೋಡಿದರಂತೆ. ಏನೂ ಸಿಗಲಿಲ್ಲ.

"ಮಗಾ ಎಲ್ಲಿ ಅಂತ ಒಂದ ಸವನ ಕೇಳಾಕತ್ತಾಳ್ರಿ ಅಣ್ಣಾರ. ಸಂತಿಗಿ ಹೋಗ್ಯಾನ ಅಂತ ಸುಳ್ಳ ಹೇಳೇವಿ. ನೀವು ಬಸ್ಸಿನ್ಯಾಗ ಇದ್ದವ್ರು. ಕಂಡಕ್ಟರ ಹಂತ್ಯಾಕ ಆವತ್ತಿನ ಟಿಕೀಟಿನ ದಾಖಲಿ ಏನರ ಸಿಗ್ತದೇನ್ರಿ?"

ಸಿಗುತ್ತದೆ. ಟಿಕೆಟ್ ಮಷೀನಿನಲ್ಲಿ ಎಲ್ಲ ಇರುತ್ತದೆ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನೋಡೂಣು ತಂಗಿ" ಅಂದೆ. ನನ್ನ ನಾಲಗೆಗೆ ಹುಳ ಬೀಳಲಿ.

ನವೆಂಬರ್ 9, ಭಾನುವಾರ

ಸನ್ಮಾನ ಆಯಿತು. ಶಾಲು, ಹಾರ, ಫೋಟೊ. ನಾಲ್ಕು ಮಾತಾಡಿ ಎಂದರು. ಆಗಲಿಲ್ಲ. ಭಾವುಕರಾಗಿದ್ದಾರೆ ಎಂದು ಚಪ್ಪಾಳೆ ತಟ್ಟಿದರು.

ನವೆಂಬರ್ 10, ಸೋಮವಾರ

ಗೈಬುಸಾಬನ ತಾಯಿ ತೀರಿಕೊಂಡಳು. ಬೆಳಗಿನ ಜಾವ. ಆಶಾಬಿಯ ಅಳು ಕೇಳಿ ಓಡಿದೆ. ಅಲ್ಲಿಂದ ಹಾಗೇ ಠಾಣೆಗೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಎಲ್ಲ ಹೇಳಿದೆ. ಗಡಿಯಾರ, ಕ್ಯಾಮೆರಾ, 5.25, ಟಿಕೆಟ್ ಮಷೀನು. ಸಾಹೇಬರು ಎಲ್ಲ ಬರೆದುಕೊಂಡು ಕೇಳಿದರು:

"ಇದು ನಿಮಗ ಯಾವಾಗ ತಿಳೀತ್ರಿ?"

"ಇವತ್ತ ಮುಂಜಾನೆ ತಿಳೀತ್ರಿ ಸರ."

ಅದನ್ನೂ ಬರೆದುಕೊಂಡರು. ಅದಕ್ಕೂ ಸಹಿ ಹಾಕಿದೆ.

ಮಣ್ಣಿಗಾದರೂ ಅವನನ್ನು ಕಳಿಸಿ ಎಂದು ಕೈ ಮುಗಿದೆ. ಜೈಲಿನಲ್ಲಿರುವವನನ್ನು ಬಿಡಬೇಕಾದರೆ ಕೋರ್ಟ್ ಹೇಳಬೇಕು, ಇವತ್ತಿಗೆ ಆಗುವುದಿಲ್ಲ ಎಂದರು. ಸಂಜೆಯೊಳಗೆ ಮಣ್ಣಾಯಿತು. ಒಬ್ಬನೇ ಮಗ. ಅವನಿಲ್ಲದೆ ಆಯಿತು.

ನವೆಂಬರ್ 17, ಸೋಮವಾರ

ಆರು ದಿನ ಪೆನ್ನು ಹಿಡಿಯಲಿಲ್ಲ.

ಬಸ್ಸಿನ ದಾಖಲೆ ಸಿಕ್ಕಿತು — ಬಿಜ್ಜರಗಿಗೆ ಒಂದು ಟಿಕೆಟ್, ಗಾದಿಗೊಂದು ಲಗೇಜ್ ಟಿಕೆಟ್. ಶನಿವಾರ ಬಿಟ್ಟರು. ಇವತ್ತು ಗೈಬುಸಾಬ ತಾನಾಗಿ ಮನೆಗೆ ಬಂದ. ಗಡ್ಡ ಪೂರಾ ಬೆಳ್ಳಗಾಗಿದೆ. ಬಂದವನೇ ನನ್ನ ಎರಡೂ ಕೈ ಹಿಡಿದುಕೊಂಡ. ಬೈಯುತ್ತಾನೆ ಅಂದುಕೊಂಡೆ, ಬೈದರೆ ಸಾಕು ಅಂದುಕೊಂಡೆ.

"ನಿಮ್ಮ ಋಣಾ ಹೆಂಗ ತೀರಸ್ಲಿರಿ ಸಾಹೇಬ್ರ? ತಿಳಿದ ದಿನಾನ ಬರಿಗಾಲಿಲೆ ಓಡಿ ಬಂದು ಹೇಳ್ಯಾರ ಅಂತ ಪೊಲೀಸ್ರ ಹೇಳಿದ್ರು. ಬ್ಯಾರೆ ಯಾರರ ಆಗಿದ್ರ ತಮ್ಮ ತಪ್ಪ ಮುಚ್ಚಿಕೊಂಡು ಸುಮ್ಮನ ಇರ್ತಿದ್ರು."

ನನ್ನ ಕೈ ಬಿಡದೆಯೇ ಮತ್ತೆ ಅಂದ:

"ಅವ್ವಗ ಮಣ್ಣ ಕೊಡೂದು ನನ್ನ ನಸೀಬದಾಗ ಇರ್ಲಿಲ್ರಿ. ನಿಮಗ ಒಂದೆರಡು ದಿನಾ ಮೊದಲ ತಿಳಿದಿದ್ರ... ಇರ್ಲಿ ಬಿಡ್ರಿ, ನೀವರ ಏನ ಮಾಡ್ತೀರಿ."

ತಿಪ್ಪವ್ವ ಚಹಾದ ಕಪ್ಪು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡಿದಳು, ಕಾದಳು. ನಾನು ಬಾಯಿ ಬಿಡಲಿಲ್ಲ. ಕಪ್ಪು ಅಲ್ಲೇ ಇಟ್ಟು ಒಳಗೆ ಹೋದಳು.

ನವೆಂಬರ್ 18, ಮಂಗಳವಾರ, ಬೆಳಿಗ್ಗೆ 7

ಗೈಬುಸಾಬನ ಮನೆಗೆ ಹೊರಟಿದ್ದೇನೆ. ಹೇಳಬೇಕಾದದ್ದನ್ನು ಇಲ್ಲಿ ಬರೆದುಕೊಳ್ಳುತ್ತೇನೆ. ಅಲ್ಲಿ ಬಾಯಿ ಕಟ್ಟಿದರೆ ಓದಿಬಿಡುತ್ತೇನೆ.

ಗೈಬುಸಾಬ, ನನಗೆ ತಿಳಿದದ್ದು ಸೋಮವಾರ ಅಲ್ಲ. ಗುರುವಾರ ರಾತ್ರಿ ಎಂಟಕ್ಕೇ ತಿಳಿದಿತ್ತು. ಪೊಲೀಸರು ಇನ್ನೂ ಬಿಜ್ಜರಗಿಗೆ ಹೋಗಿರಲಿಲ್ಲ. ನಿಮ್ಮವ್ವ ಆಗಿನ್ನೂ ನೀನು ಒಯ್ದ ಗಾದಿಯ ಮೇಲೆಯೇ ಮಲಗಿದ್ದಳು.