ಕೆಸರು ಗೆದ್ದ ಯುದ್ಧ

ಮಗಳೇ,

ನಿನ್ನೆ ಫೋನಿನಲ್ಲಿ ಹೇಳುತ್ತಿದ್ದೆನಲ್ಲ, ಇಡೀ ಯುದ್ಧದ ದಿಕ್ಕು ತಿರುಗಿಸಿದ ಆ ಬಯಲನ್ನು ಇವತ್ತು ನೋಡಿಬಂದೆ. ಕಾಲೇಜಿನಲ್ಲಿ ಉರು ಹೊಡೆದಿದ್ದ ‘ಡಿಸೈಸಿವ್ ಬ್ಯಾಟಲ್’, ಆ ನಿರ್ಣಾಯಕ ಕಾಳಗ, ನಡೆದದ್ದು ಇಲ್ಲೇ ಕಣಮ್ಮ. ಗೆದ್ದದ್ದು ಸೇನಾಪತಿಯ ಜಾಣತನದಿಂದ ಅಂತ ನಾನು, ಕೆಸರಿನಿಂದ ಅಂತ ಚರಿತ್ರೆ ಪಾಠ ಹೇಳುತ್ತಿದ್ದ ನಿನ್ನಮ್ಮ. ಮೂವತ್ತು ವರ್ಷದ ಜಗಳ. ಅಲ್ಲಿನ ಮ್ಯೂಸಿಯಮ್ಮಿನ ಕಾವಲುಗಾರ ನನ್ನ ವಾದ ಕೇಳಿ ನಕ್ಕುಬಿಟ್ಟ: “ಯಾವ ಜಾಣತನ ಯಜಮಾನ್ರೇ? ಎದುರಾಳಿ ಫಿರಂಗಿಗಳೆಲ್ಲ ಕೆಸರಲ್ಲಿ ಹೂತ್ಕೊಂಡ್ವು, ಅಷ್ಟೇ!” ಹೂತ ಗಾಲಿಯೊಂದನ್ನು ಮಣ್ಣಿನ ಸಮೇತ ಗಾಜಿನೊಳಗೆ ಇಟ್ಟಿದ್ದಾರೆ.

ಮಂಡಿನೋವು ತಗ್ಗಿದೆ, ಮಾತ್ರೆ ಮರೆತಿಲ್ಲ.

ನೀನು ಅಚ್ಚಿಗೆ ಕೊಡಲಿರುವ ಅಮ್ಮನ ಪಾಠದ ಟಿಪ್ಪಣಿಯಲ್ಲಿ, ಅವಳು ಹೋದಮೇಲೆ, ಆ ಕೆಸರಿನ ಸಾಲು ಹೊಡೆದುಹಾಕಿ ನನ್ನದನ್ನು ಬರೆದಿದ್ದೆ. ಫೋನಿನಲ್ಲಿ ಹೇಳಲು ನಾಚಿಕೆ. ನನ್ನದನ್ನು ತೆಗೆದು ಅವಳದನ್ನೇ ಇಡು. ಇನ್ನೂ ಬರೆಯುತ್ತಿದ್ದೆ, ಬೆಳಕು ಹೋಗುತ್ತಿದೆ ಕಣೇ, ಅಕ್ಷರ ಕಾಣುತ್ತಿಲ್ಲ.

ನಿನ್ನಪ್ಪ