ಮುಂಬಾಗಿಲ ದೀಪ

ಡನ್‌ಲೋ, ಇಂಡಿಯಾನಾ
ಮಾರ್ಚ್ 6, 1994, ಭಾನುವಾರ

ಪ್ರೀತಿಯ ಮಾರ್ಲಾ,

ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಟೆಸ್ಸಾ ಬರೆದ ಚಿತ್ರ ಬಂತು. ಅದರಲ್ಲಿ ತಾತನ ಮುಖಕ್ಕಿಂತ ತಾತನ ಮೈಕು ದೊಡ್ಡದಾಗಿದೆ. ಮಗು ಸರಿಯಾಗಿಯೇ ಕಂಡಿದೆ. ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.

ನಿನ್ನ ಕ್ರಿಸ್‌ಮಸ್ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸು. ಪಂದ್ಯಗಳ ಕಾಲ ಎಂದು ನೆಪ ಹೇಳಬಹುದು, ಆದರೆ ನೀನು ಆ ನೆಪ ಕೇಳಿಕೊಂಡೇ ಬೆಳೆದವಳು. ಫೋನಿನಲ್ಲಿ ನಾವಿಬ್ಬರೂ ಬೇಗ ದನಿ ಏರಿಸುತ್ತೇವೆ. ಅದಕ್ಕೇ ಕಾಗದ.

ನಿನ್ನೆ ಬ್ಯಾಸ್ಕೆಟ್‌ಬಾಲ್ ಲೀಗಿನ ಕೊನೆಯ ಪಂದ್ಯ. ನಮ್ಮ ಬ್ರಾಂಟ್‌ವುಡ್ ಕಾಲೇಜು ಸೋತಿತು. 'ನಮ್ಮ' ಎಂದು ಟೀವಿಯ ವೀಕ್ಷಕ ವಿವರಣೆಯಲ್ಲಿ ಹೇಳಬಾರದು, ಇಲ್ಲಿ ಹೇಳಬಹುದು. ನನ್ನ ಜಾಗಕ್ಕೆ ಬಂದ ಹುಡುಗ ಒಳ್ಳೆಯ ಕೋಚ್. ಸೋಲುವಾಗ ಅವನೂ ಕೈ ಕಟ್ಟಿಕೊಂಡು ಚಾವಣಿ ನೋಡುತ್ತಾನೆ. ಆಟ ಕೈಬಿಟ್ಟದ್ದು ಎಲ್ಲಿ ಎಂದು ಪರದೆಯ ಮೇಲೆ ಹಳದಿ ಗೆರೆಯಿಂದ ಸುತ್ತು ಹಾಕಿ ತೋರಿಸಿದೆ. ಈಗ ನನ್ನ ಕೆಲಸ ಅಷ್ಟೇ: ಆಗಿಹೋದದ್ದಕ್ಕೆ ಸುತ್ತು ಹಾಕುವುದು.

ಕಾಲೇಜು ನನ್ನನ್ನು ಕೆಲಸದಿಂದ ಬಿಡಿಸಿದಾಗ ನೀನು ಆಗಲೇ ದೂರದ ಟಕೋಮಾದಲ್ಲಿದ್ದೆ. ಸತತವಾಗಿ ಸೋತ ಕೋಚಿಗೆ ಏನಾಗುತ್ತದೋ ಅದೇ ಆಯಿತು. ಕಾಲೇಜಿನ ಮುದ್ರೆಯಿದ್ದ ಕಪ್ಪು ಮರದ ಕುರ್ಚಿಯೊಂದನ್ನು ಕೊಟ್ಟು ಚಪ್ಪಾಳೆ ತಟ್ಟಿದರು. ಕೆಲಸ ಹೋಯಿತು, 'ಕೋಚ್' ಎನ್ನುವ ಹೆಸರು ಹೋಗಲಿಲ್ಲ. ಇಲ್ಲಿ ಅದು ಯಾರಿಗೂ ಹೋಗುವುದಿಲ್ಲ. ಕ್ಷೌರದಂಗಡಿಯ ಹರ್ಷೆಲ್ ಈಗಲೂ ನನ್ನ ಕುತ್ತಿಗೆಗೆ ಬಟ್ಟೆ ಬಿಗಿಯುತ್ತ, "ಬನ್ನಿ ಕೋಚ್, ಗೆಲ್ಲೋದು ಹೇಗೆ ಅಂತ ಟೀವೀಲಿ ಎಷ್ಟ್ ಚೆನ್ನಾಗ್ ಹೇಳ್ತೀರಿ! ಆವಾಗ ನಿಮ್ ಹುಡುಗ್ರಿಗೂ ಒಂದ್ಸಲ ಹೇಳಿದ್ರೆ ಆಗ್ತಿತ್ತು," ಎನ್ನುತ್ತಾನೆ. ಕತ್ತರಿ ಅವನ ಕೈಯಲ್ಲಿರುವುದರಿಂದ ನಾನು ನಗುತ್ತೇನೆ.

ಟೀವಿಯವರು ಕರೆದಾಗ ಮೊದಲು ಒದ್ದಾಡಿದೆ. ಕಷ್ಟ ಏನೆಂದರೆ, ಅಲ್ಲಿ ಕೂತವರು ಹೇಗೆ ಮಾತಾಡುತ್ತಾರೆಂದೇ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯ ಪದ್ಧತಿ ನಿನಗೆ ನೆನಪಿದೆ. ಊಟದ ಮೇಜು ಒರೆಸಿ, ಕಿಟಕಿಯ ಪರದೆ ಎಳೆದು, ಮುಂದಿನ ವಾರದ ಎದುರಾಳಿಗಳ ಆಟ ಟೀವಿಯಲ್ಲಿ ಹಾಕಿ, ದನಿ ಪೂರ್ತಿ ಮುಚ್ಚಿ ನೋಡುವುದು. ಅಂಗಣದ ಪಕ್ಕದಲ್ಲಿ ಕೂತು ವಿವರಣೆ ಕೂಗುವವರ ಮಾತು ಕಿವಿಗೆ ಬಿದ್ದರೆ ಕಣ್ಣು ಸೋಮಾರಿಯಾಗುತ್ತದೆ ಎನ್ನುತ್ತಿದ್ದೆ. ಕೋಚುಗಳೆಲ್ಲ ಹಾಗೇ ನೋಡುವುದು. ಚಿಕ್ಕವಳಿದ್ದಾಗ ನೀನೊಮ್ಮೆ ಗುಂಡಿ ತಿರುಗಿಸಿ ದನಿ ಬಿಟ್ಟೆ; ನಾನು ತಿರುಗಿ ನೋಡುವುದರೊಳಗೆ ನಿನ್ನಮ್ಮ ಎದ್ದು ಮುಚ್ಚಿದ್ದಳು. ಅವಳ ಕಣ್ಣು ನನ್ನದಕ್ಕಿಂತ ಚುರುಕು. "ಆ ಎಡಗೈ ಹುಡುಗನ್ನ ನೋಡಿ, ಬಲಗಡೆ ಹೋಗಕ್ಕೆ ಹೆದರ್ತಾನೆ," ಎಂದು ಹೆಣಿಗೆಯಿಂದ ತಲೆ ಎತ್ತದೆ ಹೇಳುವಳು. ಮರುವಾರ ಅವನನ್ನು ಬಲಗಡೆಗೇ ಅಟ್ಟಿ ಗೆಲ್ಲುತ್ತಿದ್ದೆವು.

ಹಾಗಾಗಿ ಟೀವಿಯ ಮೊದಲ ಪಂದ್ಯದಲ್ಲಿ ನಾನು ಸುಮ್ಮನೆ ಕೂತು ಆಟ ನೋಡಿದೆ. ಜೊತೆಗಾರ ಲೈಲ್ ಮೇಜಿನಡಿ ನನ್ನ ಕಾಲು ಒದ್ದ. ಜಾಹೀರಾತು ಬಂದಾಗ, "ಕೋಚ್, ನಿಮ್ಗೆ ಸಂಬಳ ಕೊಡ್ತಿರೋದು ನೋಡಕ್ಕಲ್ಲ. ನೋಡೋ ಕೆಲ್ಸಾನ ಜನ ಪುಕ್ಕಟೆ ಮಾಡ್ತಾರೆ," ಎಂದ.

ಮಾತು ಕಲಿತೆ. ಬೇಕಾದ್ದಕ್ಕಿಂತ ಹೆಚ್ಚೇ ಕಲಿತೆನೋ ಏನೋ. ಮುಂಬಾಗಿಲ ದೀಪದ ಮಾತು ಊರೆಲ್ಲ ಹಬ್ಬಿದೆ. ಪ್ರತಿ ಪಂದ್ಯದ ಕೊನೆಗೆ ಲೈಲನೂ ನಾನೂ ಪರದೆಯ ಮೇಲೆ ಬಂದು ನಿಲ್ಲುತ್ತೇವೆ. ನಾನು, "ಮುಂಬಾಗಿಲ ದೀಪ ಹಾಕಿಡಿ, ನಾವು ಹೊರಟ್ವಿ," ಎನ್ನುತ್ತೇನೆ. ಪೆಟ್ರೋಲ್ ಹಾಕುವವನು ಅದನ್ನು ನನಗೇ ಹೇಳಿ ಕಳಿಸುತ್ತಾನೆ. ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡವರೂ ಇದ್ದಾರೆ. ಅದು ಯಾರಿಗೆ ಹೇಳುವ ಮಾತೆಂದು ನಿನಗೊಬ್ಬಳಿಗೇ ಗೊತ್ತು. ಹೊರಗಿನ ಊರುಗಳಲ್ಲಿ ಆಟ ಮುಗಿಸಿ, ಹುಡುಗರು ಬಸ್ಸು ಹತ್ತುತ್ತಿರುವಾಗ ಕ್ರೀಡಾಂಗಣದ ಫೋನಿನಿಂದ ನಿನ್ನಮ್ಮನಿಗೆ ಆ ಒಂದೇ ಮಾತು ಹೇಳುತ್ತಿದ್ದೆ. ಗೆದ್ದೆವೋ ಸೋತೆವೋ ಅವಳು ಕೇಳುತ್ತಿರಲಿಲ್ಲ. ನನ್ನ ದನಿಯಲ್ಲೇ ತಿಳಿಯುತ್ತಿತ್ತಂತೆ.

ಈಗ ನಿನ್ನ ಪತ್ರದ ಪ್ರಶ್ನೆ, ಟೀವಿ ಬಿಡುತ್ತೇನೋ ಇಲ್ಲವೋ ಎಂದು. ಟೀವಿಯವರು ಇನ್ನೂ ಮೂರು ವರ್ಷಕ್ಕೆ ಸಹಿ ಕೇಳಿದ್ದಾರೆ. ಸಹಿ ಹಾಕಿದರೆ ಚಳಿಗಾಲವೆಲ್ಲ ರಸ್ತೆಯಲ್ಲೇ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ನೀನು ಹೇಳಿದ್ದು ಅಕ್ಷರಶಃ ನೆನಪಿದೆ. "ಅಮ್ಮಂಗೆ ಟೀವೀಲಿ ಬರೋ ಅಪ್ಪ ಬೇಕಾಗಿಲ್ಲ. ಪಕ್ಕದ ಕುರ್ಚೀಲಿ ಕೂರೋ ಅಪ್ಪ ಬೇಕು." ನಾನು, "ವಾರಕ್ಕೆರಡು ಸಲ ಟೀವಿಯಿಂದ್ಲೇ ಅವಳ ಕೋಣೇಲಿ ಎರಡೆರಡು ಗಂಟೆ ಮಾತಾಡ್ತೀನಿ. ಮನೇಲಿದ್ದಾಗ ಯಾವತ್ತಾದ್ರೂ ಅಷ್ಟು ಮಾತಾಡಿದ್ನಾ?" ಎಂದೆ. ನೀನು ಸಾರಿನ ಬಟ್ಟಲು ಕೆಳಗಿಟ್ಟು ಎದ್ದುಹೋದೆ. ಟರ್ಕಿ ಕೋಳಿ ತಣ್ಣಗಾಯಿತು.

ಅದು ತಮಾಷೆಗೆ ಹೇಳಿದ್ದಲ್ಲ. ಹಾಗೇ ನಂಬಿದ್ದೆ. ಆರೈಕೆ ಮನೆಯ ಓಪಲ್ ಇದ್ದಾಳಲ್ಲ, ನಿನ್ನಮ್ಮನನ್ನು ನೋಡಿಕೊಳ್ಳುವವಳು, ಅವಳು ಪ್ರತಿ ಸಲ ಹೇಳುತ್ತಿದ್ದಳು: "ಒಂದು ಪಂದ್ಯಾನೂ ಬಿಡಲ್ಲ ಕೋಚ್, ನಿಮ್ಮ ಮನೆಯವ್ರು. ಕಣ್ಣು ಮಿಟುಕಿಸದೆ ನೋಡ್ತಾರೆ." ಅವಳ ನೆನಪಿನಿಂದ ಹೆಸರುಗಳು ಹೋದವು, ವರ್ಷಗಳು ಹೋದವು, ನನ್ನ ದನಿ ಮಾತ್ರ ಅವಳಲ್ಲಿ ಎಲ್ಲೋ ಹೋಗಿ ತಾಕುತ್ತಿದೆ ಎಂದುಕೊಂಡಿದ್ದೆ. ಮೈಕಿನ ಮುಂದೆ ಕೂತಾಗ ಲಕ್ಷ ಜನಕ್ಕೆ ಹೇಳುತ್ತಿದ್ದೇನೆಂದು ಒಮ್ಮೆಯೂ ಅನಿಸಿರಲಿಲ್ಲ.

ಇವತ್ತು ಮಧ್ಯಾಹ್ನ ಹೋಗಿದ್ದೆ. ಆರೋಗ್ಯವಾಗಿದ್ದಾಳೆ. ಡಬ್ಬಿಯ ಪೀಚ್ ಹಣ್ಣು ತಿಂದಳು. ಕೂದಲನ್ನು ಓಪಲ್ ಚೆಂದವಾಗಿ ಕತ್ತರಿಸಿದ್ದಾಳೆ.

ಸಹಿ ಹಾಕುವುದಿಲ್ಲವೆಂದು ಲೈಲನಿಗೆ ಸಂಜೆ ಫೋನ್ ಮಾಡಿ ಹೇಳಿದೆ. "ಕೋಚ್, ಇಡೀ ರಾಜ್ಯ ನಿಮ್ ದನಿ ಕೇಳ್ಸ್ಕೊತಿದೆ, ಈಗ ಬಿಡ್ತೀರಾ?" ಎಂದ. ಇಡೀ ರಾಜ್ಯ ಕೇಳಿಸಿಕೊಳ್ಳುತ್ತಿದೆ, ನನಗೂ ಗೊತ್ತು ಎಂದೆ. ಮಾರ್ಲಾ, ನಿನ್ನ ಮಾತಿಗೆ ಒಪ್ಪಿ ಬಿಟ್ಟೆನೆಂದು ತಿಳಿಯಬೇಡ. ವಾದ ಗೆದ್ದೆನೆಂದು ನೀನು ಸಂತೋಷಪಡುವಂಥದ್ದು ಏನೂ ಇದರಲ್ಲಿಲ್ಲ.

ಡೇವಿಡ್‌ಗೆ ನನ್ನ ನೆನಪು ಹೇಳು. ಟೆಸ್ಸಾಳ ನೆತ್ತಿಗೆ ಒಂದು ಮುತ್ತು. ನಿಮ್ಮ ಮನೆಯಲ್ಲಿ ಯಾರೂ ಯಾರಿಗಾಗಿಯೂ ಕಾಯುವಂತಾಗದಿರಲಿ. ಎಲ್ಲರೂ ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಿರಲಿ.

ನಿನ್ನ,
ಅಪ್ಪ

ತಾ.ಕ.: ಮುಚ್ಚಿಡಬೇಕೆಂದಿದ್ದೆ, ಆಗುತ್ತಿಲ್ಲ. ಪಂದ್ಯ ನಡೆಯುವಾಗ ನಾನು ಅವಳ ಕೋಣೆಯಲ್ಲಿ ಎಂದೂ ಇದ್ದವನಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಇವತ್ತು ನಿನ್ನೆಯ ಆಟವನ್ನು ಮತ್ತೆ ಹಾಕಿದರು. ನಾನು ಒಳಗೆ ಹೋದಾಗ ಅವಳು ಆಗಲೇ ನೋಡುತ್ತ ಕೂತಿದ್ದಳು. ದನಿ ಇರಲಿಲ್ಲ. ರಿಮೋಟು ಅವಳ ತೊಡೆಯಡಿ ಇತ್ತು.

"ಕೂತ್ಕೊಳ್ಳಿ," ಎಂದಳು. "ಕೋಚ್ ಊರಲ್ಲಿಲ್ಲ. ಹುಡುಗ್ರನ್ನ ಕರ್ಕೊಂಡು ಹೋಗಿದ್ದಾರೆ." ಮೊದಲೆಲ್ಲ ಹೊರಗಿನವರ ಹತ್ತಿರ ಮಾತ್ರ ಅವಳು ನನ್ನನ್ನು ಕೋಚ್ ಎನ್ನುತ್ತಿದ್ದಳು.

"ದನಿ ಸ್ವಲ್ಪ ಕೊಡ್ಲಾ?" ಎಂದೆ.

"ಅಯ್ಯೋ, ಬೇಡ. ಅವ್ರಿಗೆ ಆಗ್ಬರಲ್ಲ."

ಓಪಲ್ ಬಾಗಿಲಲ್ಲಿ ನಿಂತಿದ್ದಳು. "ಯಾವಾಗ್ಲೂ ಹೀಗೇನಾ?" ಎಂದು ಕೇಳಿದೆ. "ಮೊದಲ್ನೇ ಪಂದ್ಯದಿಂದ್ಲೂ ಹೀಗೇ ಕೋಚ್. ನಿಮ್ಗೆ ಗೊತ್ತಿದೆ ಅಂದ್ಕೊಂಡಿದ್ದೆ. ಆಟ ಮುಗಿದ್ಮೇಲೆ ಫೋನ್ ಪಕ್ಕದಲ್ಲಿ ಕೂತ್ಬಿಡ್ತಾರೆ. ಮಲಗ್ಸೋ ಹೊತ್ಗೆ ಸಾಕಾಗೋಗತ್ತೆ," ಎಂದಳು.

ಪಂದ್ಯ ಮುಗಿಯಿತು. ಲೈಲ್ ಬಂದ, ನಾನು ಬಂದೆ. ಪರದೆಯ ಮೇಲೆ ನನ್ನ ತುಟಿ ಆಡಿತು. ಅವಳು ಎದ್ದು ಫೋನಿನ ಹತ್ತಿರದ ಕುರ್ಚಿಗೆ ಹೋಗಿ ಕೂತಳು. "ಈಗ ಮಾಡ್ತಾರೆ," ಎಂದಳು. "ಹೊರಟ್ವಿ ಅಂತ ಹೇಳ್ತಾರೆ. ಆಮೇಲೆ ನಾನು ದೀಪ ಹಾಕ್ಬೇಕು."

"ಹೊರಟಾಯ್ತು ವರ್ನಾ," ಎಂದೆ. "ದೀಪ ಹಾಕು."

ಅವಳು ನನ್ನನ್ನು ನೋಡಿದಳು. ಮನೆಗೆ ಬಂದವರನ್ನು ನೋಯಿಸಬಾರದೆನ್ನುವ ಆ ಹಳೆಯ ನಗೆ ನಿನಗೆ ಗೊತ್ತಲ್ಲ.

"ನೀವು ಹೇಳಿದ್ರೆ ಹೇಗೆ?" ಎಂದಳು. "ಅವರೇ ಹೇಳ್ಬೇಕು."