ಮನೆಗಾಡಿಯ ಆರು ಹೆಜ್ಜೆ

ಮೂರನೇ ಮಹಡಿ, ಅಡುಗೆಮನೆಯ ಮೇಜು
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಏನ್ರೀ,

ಹೇಗಿದ್ದೀರಿ? ಸೊಂಟದ ನೋವು ಸ್ವಲ್ಪವಾದರೂ ಇಳಿದಿದೆಯೇ? ಊಟ ಸೇರುತ್ತಿದೆಯೋ, ಇಲ್ಲ ತಟ್ಟೆಯಲ್ಲಿ ಕೆದಕಿ ಅರ್ಧಕ್ಕೇ ಕೈ ತೊಳೆಯುತ್ತಿದ್ದೀರೋ? ವ್ಯಾಯಾಮ ಮಾಡಿಸುವ ಹುಡುಗಿ ಬಂದ ಕೂಡಲೇ ನಿದ್ದೆ ಹತ್ತಿದವರ ಹಾಗೆ ಕಣ್ಣು ಮುಚ್ಚುತ್ತೀರಂತೆ, ನರ್ಸಮ್ಮ ಎಲ್ಲಾ ಒಪ್ಪಿಸಿದ್ದಾಳೆ. ಆ ನಾಟಕವನ್ನು ನಾನು ಮದುವೆಯಾದ ವರ್ಷದಿಂದ ನೋಡುತ್ತಿದ್ದೇನೆ, ಅವಳಿಗೆ ಹೊಸದು, ಪಾಪ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಹತ್ತುವಾಗ ಬೈಯುತ್ತದೆ, ಇಳಿಯುವಾಗ ಅಳುತ್ತದೆ. ಫೋನು ಇರುವಾಗ ಕಾಗದ ಏಕೆ ಅನ್ನುತ್ತೀರಿ, ಗೊತ್ತು. ಫೋನಿನಲ್ಲಿ ನೀವು ಎರಡು ಸಲ ‘ಹೂಂ’ ಅಂದು ಅದನ್ನು ದಿಂಬಿನ ಮೇಲೆ ಮಲಗಿಸಿಬಿಡುತ್ತೀರಿ, ಆಮೇಲೆ ನಾನು ದಿಂಬಿನ ಜೊತೆ ಮಾತಾಡಬೇಕು. ಕಾಗದವಾದರೆ ಓದಿಯೇ ತೀರುತ್ತೀರಿ, ನನ್ನ ತಪ್ಪು ಅಕ್ಷರ ಹುಡುಕುವ ಆಸೆಗಾದರೂ.

ನೀವು ಮಗಳ ಹತ್ತಿರ ಆಡಿದ ಮಾತು ನನಗೆ ಮುಟ್ಟಿತು. ಮನೆಗಾಡಿಯನ್ನು ಗುಜರಿಗೆ ಹಾಕಿಬಿಡಿ, ನಾನು ಈ ಆಸ್ಪತ್ರೆಯಲ್ಲೇ ಇದ್ದುಬಿಡುತ್ತೇನೆ, ನನ್ನನ್ನು ಮೂಟೆಯ ಹಾಗೆ ನಾಲ್ಕು ಜನ ಹೊತ್ತು ಮೂರು ಮಹಡಿ ಹತ್ತಿಸುವುದು ಬೇಡ ಅಂದಿರಂತೆ. ಡಾಕ್ಟರು ಬೇರೆ, ನೀವಾಗಿಯೇ ಮನೆಗೆ ಹೋಗುತ್ತೇನೆ ಅಂದರೆ ಮಾತ್ರ ಕಳಿಸುತ್ತಾರಂತೆ, ಅದೂ ದಾರಿಯಲ್ಲಿ ಕೂರಿಸಿಕೊಂಡು ಅಲ್ಲ, ಮಲಗಿಸಿಕೊಂಡು ಹೋಗಬೇಕಂತೆ. ನೀವು ಹೇಳಿದಿರಲ್ಲ ಅಂತ ಗುಜರಿಯವನನ್ನು ಕರೆಸಿದ್ದೂ ಆಯಿತು. ಅವನು ಗಾಡಿಯ ಸುತ್ತ ಒಂದು ಸುತ್ತು ಬಂದು, ಬೆರಳಿನಿಂದ ತಟ್ಟಿ, ‘ಇದರಲ್ಲೇನಿದೆ ಅಮ್ಮ, ಬರೀ ತಗಡು’ ಅಂದ. ನನಗೆ ಉರಿದುಹೋಯಿತು. ಅದೇ ತಗಡಿನಲ್ಲಿ ನಾವಿಬ್ಬರೂ ಊರೂರು ಸುತ್ತಿ, ನೀವು ಒಂದು ಬಾಗಿಲಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುತ್ತಾ, ನಾನು ಇನ್ನೊಂದು ಬಾಗಿಲಲ್ಲಿ ಒಲೆ ಹಚ್ಚುತ್ತಾ ಸಂಸಾರ ಮಾಡಿದ್ದು. ‘ತಗಡು ನಿನ್ನ ತಲೆಯಲ್ಲಿದೆ, ನಡಿ’ ಅಂದು ಕಳಿಸಿದೆ. ಬೈಯಬೇಡಿ. ನಿಮ್ಮ ಮಂಚ ಅದರೊಳಗೇ ಇದೆ, ಗೋಡೆಗೆ ಬೋಲ್ಟು ಹಾಕಿ ಕೂರಿಸಿದ್ದು, ಮಲಗಿಕೊಂಡು ಬರುವುದಕ್ಕೆ ಅದಕ್ಕಿಂತ ಬೇರೆ ಬೇಕೇ? ಮೂರು ಮಹಡಿಯ ಮಾತು ಆಮೇಲೆ ನೋಡೋಣ. ಮೊದಲು ಟೈರಿನ ಕಥೆ ಕೇಳಿ.

ಮಗಳು ದಿನಾ ಬಸ್ಸು ಓಡಿಸಿ ಓಡಿಸಿ ನಿಮಗಿಂತ ಹಟಮಾರಿ ಆಗಿದ್ದಾಳೆ. ಹೊಸ ಬ್ಯಾಟರಿ ಹಾಕಿದಳು, ಎಂಜಿನ್ನು ಕೆಮ್ಮಿ ಕೆಮ್ಮಿ ಎದ್ದು ಕೂತಿತು. ಆಮೇಲೆ ಬಗ್ಗಿ ಟೈರು ನೋಡಿದವಳೇ, ‘ಅಮ್ಮ, ಈ ಟೈರಲ್ಲಿ ನಾನು ಅಪ್ಪನ್ನ ಕರ್ಕೊಂಡು ಬರಲ್ಲ’ ಅಂದಳು. ನನಗೆ ಅರ್ಥವೇ ಆಗಲಿಲ್ಲ. ಅವು ಹಾಕಿಸಿದ ಸ್ವಲ್ಪ ದಿನಕ್ಕೇ ನಿಮ್ಮ ಕಾಲು ನೋವು ಶುರುವಾಗಿ ಗಾಡಿ ಶೆಡ್ಡು ಸೇರಿತ್ತಲ್ಲ, ಗ್ರಿಪ್ಪು ಹೊಸದರ ಹಾಗೇ ಇದೆ, ಬೆರಳು ಇಟ್ಟರೆ ಉಗುರು ಮುಳುಗುತ್ತದೆ. ಪಕ್ಕದಲ್ಲಿ ಮಾತ್ರ ಚರ್ಮ ಬಿರಿದ ಹಾಗೆ ಸಣ್ಣ ಸಣ್ಣ ಗೆರೆ. ಅದಕ್ಕೇನು, ಒಣಗಿದೆ ಅಂದುಕೊಂಡು, ಅವಳು ಡ್ಯೂಟಿಗೆ ಹೋದ ಮೇಲೆ ನಿಮ್ಮ ಮಷಿನ್ ಎಣ್ಣೆಯ ಡಬ್ಬಿ ತೆಗೆದು ಮುಂದಿನ ಎರಡು, ಹಿಂದಿನ ಜೋಡಿ ನಾಲ್ಕು, ಆರಕ್ಕೂ ಚೆನ್ನಾಗಿ ತಿಕ್ಕಿದೆ. ಎಳೆಕೂಸಿಗೆ ತಿಕ್ಕಿದ ಹಾಗೆ ತಿಕ್ಕಿದ್ದೇನ್ರೀ. ಮಿರಮಿರ ಅನ್ನುತ್ತಿದ್ದವು. ಮಾರನೇ ದಿನ ಮಗಳು ನಡೆದುಹೋಗುವವರಿಗಿಂತ ನಿಧಾನವಾಗಿ ಓಡಿಸಿಕೊಂಡು ಬಸ್ ಡಿಪೋ ಹಿಂದಿನ ಟೈರ್ ಅಂಗಡಿಗೆ ಕರೆದುಕೊಂಡು ಹೋದಳು.

ಅಂಗಡಿ ಒಬ್ಬ ಹೆಂಗಸಿನದು. ಡಿಪೋದವರೆಲ್ಲ ಟೈರಮ್ಮ ಅನ್ನುತ್ತಾರೆ. ನನಗಿಂತ ಹತ್ತು ಹದಿನೈದು ವರ್ಷ ಚಿಕ್ಕವಳಿರಬೇಕು, ತೋಳು ಎರಡೂ ಒನಕೆ, ನಟ್ಟು ಬಿಚ್ಚುವ ಯಂತ್ರದ ಸದ್ದಿಗೆ ಒಂದು ಕಿವಿ ಹೋಗಿದೆ, ಹಾಗಾಗಿ ಗುಟ್ಟು ಹೇಳಿದರೂ ಬೀದಿಗೆ ಕೇಳುತ್ತದೆ. ಅವಳು ಟೈರಿನ ಮೇಲೆ ಬೆರಳು ಎಳೆದಳು, ಮೂಸಿದಳು, ‘ಯಾರು ಇದಕ್ಕೆ ಮಷಿನ್ ಎಣ್ಣೆ ಹಚ್ಚಿದ್ದು?’ ಅಂದಳು. ‘ನಾನೇ, ಒಣಗಿದ್ದಕ್ಕೆ ಎಣ್ಣೆ ಹಚ್ಚಲ್ವಾ?’ ಅಂದೆ. ‘ರಬ್ಬರಿಗೆ ಅದು ವಿಷ ಅಜ್ಜಿ’ ಅಂದಳು. ‘ಅಜ್ಜಿ ಅಂತ ಯಾರಿಗೆ ಹೇಳ್ತೀಯಾ, ಕನ್ನಡಿ ಇಲ್ವಾ ನಿನ್ನ ಅಂಗಡೀಲಿ?’ ಅಂದೆ. ‘ಈ ಕಿವಿ ಕೇಳ್ಸಲ್ಲ’ ಅಂದು ಆ ಕಡೆ ತಿರುಗಿಕೊಂಡಳು. ಬೇಕಾದ್ದಷ್ಟೇ ಕೇಳುವ ಕಿವಿ, ನಿಮ್ಮದರ ಹಾಗೆಯೇ. ಮಗಳು ಗಾಡಿಗೆ ಒರಗಿಕೊಂಡು ಹಲ್ಲು ಕಿರಿಯುತ್ತಿದ್ದಳು.

ಆಮೇಲೆ ಟೈರಮ್ಮ ನನ್ನ ಕೈ ಹಿಡಿದು ಕೂರಿಸಿ, ಟೈರಿನ ಹೊಟ್ಟೆಯ ಮೇಲೆ ಒಂದು ಸಣ್ಣ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ತೋರಿಸಿದಳು. ಮೂವತ್ತೆಂಟು, ಹದಿಮೂರು. ನಾನು ಮೂರು ಸಾವಿರದ ಎಂಟುನೂರಾ ಹದಿಮೂರು ಅಂತ ಜೋರಾಗಿ ಓದಿದೆ. ಹಾಗಲ್ಲವಂತೆ. ಹದಿಮೂರನೇ ಇಸವಿಯ ಮೂವತ್ತೆಂಟನೇ ವಾರದಲ್ಲಿ ಹುಟ್ಟಿದ ಟೈರು ಅದು. ನೋಡಿದಿರಾ, ನನಗೇ ನನ್ನ ಹುಟ್ಟಿದ ವಾರ ಗೊತ್ತಿಲ್ಲ, ಕೇಳಿದರೆ ನಮ್ಮಮ್ಮ ಹುಣಸೆ ಮರಕ್ಕೆ ಕಾಯಿ ಬಿಟ್ಟಾಗ ಅನ್ನುತ್ತಿದ್ದಳು. ಈ ಕಪ್ಪು ಬಳೆಗೆ ಗೊತ್ತಿದೆ, ಮೈಮೇಲೇ ಬರೆದುಕೊಂಡಿದೆ. ಇಷ್ಟು ವರ್ಷ ಇಂಥವುಗಳ ಪಕ್ಕದಲ್ಲೇ ಪಾತ್ರೆ ತೊಳೆದೆ, ಒಂದು ದಿನವೂ ನೋಡಲಿಲ್ಲ. ಇನ್ನೊಂದು ಹೇಳಿದಳು. ಓಡುವ ಟೈರಿಗಿಂತ ನಿಂತ ಟೈರು ಬೇಗ ಹಾಳಾಗುತ್ತದಂತೆ. ಉರುಳುವಾಗ ರಬ್ಬರು ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ, ಒಳಗಿನ ಜಿಡ್ಡು ಮೇಲಕ್ಕೆ ಬಂದು ಅದನ್ನು ಮೆತ್ತಗಿಡುತ್ತದೆ, ನಿಂತರೆ ಒಳಗೊಳಗೇ ಬಿರಿಯುತ್ತದೆ. ಹೊರಗಿನಿಂದ ಯಾರು ಎಷ್ಟು ಎಣ್ಣೆ ತಿಕ್ಕಿದರೂ ಅಷ್ಟೇ. ವ್ಯಾಯಾಮದ ಹುಡುಗಿ ಬಂದಾಗ ಇದನ್ನು ಒಂದು ಸಲ ನೆನೆಸಿಕೊಳ್ಳಿ, ನಾನು ಹೆಚ್ಚು ಹೇಳುವುದಿಲ್ಲ.

ಸರಿ, ಹೊಸದು ಕೊಡು ಅಂದರೆ ಕೊಡಲೊಲ್ಲಳು. ‘ಎಷ್ಟು ಹೊರಬೇಕು ಅಂತ ಗೊತ್ತಿಲ್ದೆ ಹೆಂಗೆ ಕೊಡ್ಲಿ? ಹೋಗೋ ದಿನ ಗಾಡೀಲಿ ಏನೇನಿರುತ್ತೋ ಅದೆಲ್ಲ ತುಂಬಿ ತೂಕ ಹಾಕಿಸ್ಕೊಂಡು ಬನ್ನಿ, ಜನ ಸೇರಿಸಿ’ ಅಂದಳು. ನೀರಿನ ಟ್ಯಾಂಕು ತುಂಬಿಸಿದೆವು, ಸಿಲಿಂಡರು, ಪಾತ್ರೆ, ಹಾಸಿಗೆ, ನಿಮ್ಮ ಸ್ಕ್ರೂಗಳ ಪೆಟ್ಟಿಗೆ, ನಾನು, ಮಗಳು. ಅಪ್ಪನದು ಅಂದಾಜಿನಲ್ಲಿ ಸೇರಿಸೋಣ ಅಂದಳು ಅವಳು. ನಾನು ಒಪ್ಪಲಿಲ್ಲ. ಅಂದಾಜಿನಲ್ಲಿ ಕರೆದುಕೊಂಡು ಬರಲು ನೀವೇನು ಬೇಳೆಯೇ? ಕೆಲಸ ನಿಲ್ಲಿಸಿದಾಗ ನೀವು ಮಾರದೆ ಉಳಿಸಿಕೊಂಡಿರಲ್ಲ ಹೊಲಿಗೆ ಮಷಿನ್ನಿನ ಕಬ್ಬಿಣದ ತಲೆಗಳು, ಅವುಗಳಲ್ಲಿ ಐದನ್ನು ನಿಮ್ಮ ಮಂಚದ ಮೇಲೆ ಸಾಲಾಗಿ ಮಲಗಿಸಿ, ಉರುಳದ ಹಾಗೆ ಕಂಬಳಿ ಹೊದಿಸಿ ಹಗ್ಗ ಕಟ್ಟಿದೆ. ಲಾರಿ ತೂಗುವ ಕಟ್ಟೆಯವನು ಕಿಟಕಿಯಲ್ಲಿ ಬಗ್ಗಿ ನೋಡಿ, ‘ಮಲಗಿರೋರು ಯಾರು?’ ಅಂದ. ‘ನಮ್ಮ ಯಜಮಾನರು’ ಅಂದೆ. ‘ಎದ್ದು ಇಳೀಲಿ, ಬೇಡದ ಭಾರ ಯಾಕೆ’ ಅಂದ. ‘ಆ ಭಾರಕ್ಕೇ ಕಣಪ್ಪ ನಾನು ಇಲ್ಲಿಗೆ ಬಂದಿರೋದು’ ಅಂದೆ. ಮಗಳು ನಗಲಿಲ್ಲ, ಸ್ಟಿಯರಿಂಗ್ ಹಿಡಿದುಕೊಂಡು ಹೊರಗೆ ನೋಡುತ್ತಾ ಕೂತಳು. ಮುಂದಿನ ಗಾಲಿ ಬೇರೆ, ಹಿಂದಿನದು ಬೇರೆ ತೂಗಿ, ನಮ್ಮ ಸಂಸಾರ ಪೂರ್ತಿ ಎರಡು ಅಂಕಿಯಲ್ಲಿ ಬರೆದುಕೊಟ್ಟ.

ಆ ಅಂಕಿ ನೋಡಿಕೊಂಡು ಟೈರಮ್ಮ ಟೈರುಗಳನ್ನು ಉರುಳಿಸಿ ತಂದು ನಿಲ್ಲಿಸಿದಳು. ಒಂದು ಕಾರಿನದು, ನಮ್ಮದೇ ಅಳತೆ, ಮೆತ್ತಗೆ ಓಡುತ್ತದಂತೆ, ಆದರೆ ಪಕ್ಕೆ ಒತ್ತಿದರೆ ಒಳಗೆ ಹೋಗುತ್ತದೆ. ಇನ್ನೊಂದು ಸಾಮಾನು ಹೊರುವ ವ್ಯಾನಿನದು, ಪಕ್ಕೆ ಗಟ್ಟಿ. ಪ್ರತಿಯೊಂದರ ಮೈಮೇಲೂ ಎಷ್ಟು ಹೊರುತ್ತೇನೆ ಅನ್ನುವುದಕ್ಕೆ ಒಂದು ಅಂಕಿ ಇದೆ. ಗಟ್ಟಿಯದರ ಮೇಲೆ ಎರಡಿತ್ತು, ಒಂದು ದೊಡ್ಡದು, ಗೆರೆ ಹಾಕಿ ಅದರ ಪಕ್ಕ ಸ್ವಲ್ಪ ಚಿಕ್ಕದು. ಒಂಟಿಯಾಗಿದ್ದರೆ ದೊಡ್ಡದು, ನಮ್ಮ ಹಿಂದಿನ ಗಾಲಿಗಳ ಹಾಗೆ ಜೋಡಿಯಾಗಿದ್ದರೆ ಚಿಕ್ಕದು ಅಂದಳು. ಜೋಡಿಯಾದರೆ ಶಕ್ತಿ ಹೆಚ್ಚಬೇಕಲ್ಲ, ಇದೆಂಥ ನ್ಯಾಯ ಅಂದೆ. ‘ರಸ್ತೆ ಸಮ ಇರಲ್ವಲ್ಲ. ಒಂದು ಉಬ್ಬಿನ ಮೇಲೆ ಹತ್ತಿದ್ರೆ ಇನ್ನೊಂದು ಗಾಳೀಲಿ ಇರುತ್ತೆ. ಆಗ ಅದರ ಪಾಲೂ ಇದೇ ಹೊರಬೇಕು. ಅದಕ್ಕೇ ಮೊದಲೇ ಸ್ವಲ್ಪ ಶಕ್ತಿ ಎತ್ತಿಟ್ಟಿರ್ತಾರೆ’ ಅಂದಳು. ‘ಹಾಗಾದ್ರೆ ಈ ಗಟ್ಟಿಯದೇ ಹಾಕು’ ಅಂದೆ. ಸಂಸಾರ ಮಾಡಿದ ಯಾವ ಮನುಷ್ಯನೂ ನನಗೆ ಹೇಳದ್ದನ್ನು ಒಂದು ಟೈರು ಪಕ್ಕೆಯ ಮೇಲೆ ಬರೆದುಕೊಂಡು ಓಡಾಡುತ್ತಿದೆ.

ಟೈರನ್ನು ಕೂರಿಸುವ ಲೋಹದ ಡಿಸ್ಕಿನ ವಿಷಯಕ್ಕೆ ಮಗಳಿಗೂ ಅವಳಿಗೂ ಜಟಾಪಟಿ. ಗೋಡೆಯಲ್ಲಿ ನೇತುಹಾಕಿದ ಹೊಳೆಯುವ ಅಲಾಯ್ ಡಿಸ್ಕಿನ ಮೇಲೆ ಮಗಳ ಕಣ್ಣು. ಟೈರಮ್ಮ ಅದನ್ನು ಇಳಿಸಿ ಹಿಂದಿನ ಮೈ ತೋರಿಸಿದಳು, ಅದು ಹೊರುವ ಅಂಕಿ ನಮ್ಮದಕ್ಕೆ ಸಾಲದು. ಹೊರುವಂಥದು ಇನ್ನೊಂದು ಇತ್ತು, ಅದರ ನಡುವಿನ ತೂತು ನಮ್ಮ ಗಾಡಿಗೆ ಕೂರದು. ಹಳೆಯ ಕಬ್ಬಿಣದ್ದೇ ಇರಲಿ ಅಂದೆ ನಾನು. ಟೈರಮ್ಮ ಸುತ್ತಿಗೆ ಹಿಡಿದು ಒಂದೊಂದನ್ನೇ ತಟ್ಟಿದಳು. ನಾಲ್ಕು, ಗುಡಿಯ ಗಂಟೆಯ ಹಾಗೆ ಠಣ್ ಅಂದವು, ಎರಡು ಒಡೆದ ಮಡಕೆಯ ಹಾಗೆ ಬೊದ್ದು. ನಟ್ಟಿನ ತೂತಿನ ಹತ್ತಿರ ತಲೆಗೂದಲಿನಷ್ಟು ಬಿರುಕು, ನಿಮಗಾದರೆ ಕನ್ನಡಕ ಹಾಕಿಕೊಂಡರೂ ಕಾಣುತ್ತಿರಲಿಲ್ಲ. ಉಳಿದ ನಾಲ್ಕಕ್ಕೂ ಟೈರು ಕೂರುವ ಅಂಚಿನಲ್ಲಿ ತುಕ್ಕು ತಿಂದಿತ್ತು. ಕೊನೆಗೆ ಸ್ಟೆಪ್ನಿ ಸೇರಿ ಏಳೂ ಹೊಸದು, ಬೂದಿ ಬಣ್ಣದ ಸಾದಾ ಕಬ್ಬಿಣ. ಚಂದವೇನಿಲ್ಲ. ನಾನೂ ನೀವೂ ಇನ್ನೇನು ಮೆರವಣಿಗೆ ಹೋಗಬೇಕಾಗಿದೆಯೇ?

ಇನ್ನು ಬರೆಯುವುದನ್ನು ಹೇಗೆ ಬರೆಯಲಿ ಅಂತ ಬೆಳಗ್ಗೆಯಿಂದ ಯೋಚಿಸುತ್ತಿದ್ದೇನೆ. ಟೈರು ಹಾಕಿದ ಮೇಲೆ ಗಾಡಿ ಜಾಕಿನ ಮೇಲಿತ್ತು. ಗಾಳಿ ಹಿಡಿಸುತ್ತಾ ಟೈರಮ್ಮ ಅಂದಳು, ‘ಭಾರ ಹೊರೋದು ಟೈರಲ್ಲ ಅಜ್ಜಿ, ಗಾಳಿ. ಗಾಳಿ ಓಡಿ ಹೋಗದ ಹಾಗೆ ಹಿಡ್ಕೊಂಡಿರೋದಷ್ಟೇ ಟೈರಿನ ಕೆಲಸ.’ ತಮಾಷೆ ಅಂದುಕೊಂಡೆ. ಗಾಡಿ ಇಳಿಸುವ ಮೊದಲು ಒಂದೊಂದು ಟೈರಿನ ಕೆಳಗೂ ರಟ್ಟಿನ ತುಂಡು ಇಟ್ಟು, ಟೈರಿಗೆ ಸೀಮೆಸುಣ್ಣದ ಪುಡಿ ಸವರಿದಳು. ಇಳಿಸಿ, ಮತ್ತೆ ಎತ್ತಿ, ರಟ್ಟು ನನ್ನ ಕೈಗೆ ಕೊಟ್ಟಳು. ಏನ್ರೀ, ಅದರ ಮೇಲೆ ನಿಮ್ಮ ಚಪ್ಪಲಿಯ ಗುರುತಿಗಿಂತ ದೊಡ್ಡದಲ್ಲದ ಒಂದು ಬಿಳಿ ಗುರುತು. ಅಷ್ಟೇ ನೆಲ ಮುಟ್ಟುವುದು. ಅಂಥವು ಆರು. ಒಲೆ, ನೀರು, ಬೀರು, ಮಂಚ, ಮಷಿನ್ ತಲೆ, ನಾನು, ನನ್ನ ಬಾಯಿ, ಎಲ್ಲಾ ಸೇರಿ ಆರು ಹೆಜ್ಜೆಯ ಮೇಲೆ ನಿಂತಿದೆ, ಆ ಹೆಜ್ಜೆಗಳೊಳಗೆ ಇರುವುದು ಕಣ್ಣಿಗೆ ಕಾಣದ ಗಾಳಿ. ನಾವು ನದಿ ದಾಟಿದ್ದು, ಬೆಟ್ಟ ಇಳಿದದ್ದು, ಮಗಳು ಹೊಟ್ಟೆಯಲ್ಲಿದ್ದಾಗ ಆ ಕಲ್ಲುದಾರಿಯಲ್ಲಿ ನೀವು ಹಾಡು ಗುನುಗುತ್ತಾ ಓಡಿಸಿದ್ದು, ಎಲ್ಲಾ ಇದರ ಮೇಲೆಯೇ. ನಾನು ಗ್ರೀಸು ಮೆತ್ತಿದ ಬೆಂಚಿನ ಮೇಲೆ ಸೀರೆಯ ಚಿಂತೆ ಬಿಟ್ಟು ಕೂತುಬಿಟ್ಟೆ. ಆ ರಟ್ಟನ್ನು ಎಷ್ಟು ಹೊತ್ತು ಹಿಡಿದುಕೊಂಡಿದ್ದೆನೋ, ಟೈರಮ್ಮ ಬಂದು ಟೀ ಕೊಟ್ಟು ಹೋದಳು.

ಬರುವಾಗ ನಾನು ನಿಮ್ಮ ಮಂಚದ ಮೇಲೆ ಮಲಗಿಕೊಂಡೇ ಬಂದೆ, ನಿಮ್ಮ ಸೊಂಟದ ಬದಲು ನನ್ನದನ್ನು ಪರೀಕ್ಷೆಗೆ ಕೊಟ್ಟು. ಗಾಳಿಯನ್ನು ನಮ್ಮ ತೂಕಕ್ಕೆ ಸರಿಯಾಗಿ ಹಿಡಿಸಿದ್ದಾಳೆ, ಟೈರಿನ ಮೇಲೆ ಬರೆದ ಕೊನೆಯ ಮಿತಿಯವರೆಗೂ ತುಂಬಿಸಿದರೆ ಗಾಡಿ ಕುಟ್ಟುತ್ತದಂತೆ. ಡಿಪೋ ಮುಂದಿನ ಉಬ್ಬು ಯಾವಾಗ ದಾಟಿತೋ ಗೊತ್ತಾಗಲಿಲ್ಲ. ಚಾವಣಿ ನೋಡುತ್ತಾ ಮಲಗಿದ್ದೆ. ರಸ್ತೆ ಬೆನ್ನ ಕೆಳಗೆ ಹಗುರವಾಗಿ ಹರಿದುಹೋಗುತ್ತಿತ್ತು. ನೀವು ಇಷ್ಟು ವರ್ಷ ಓಡಿಸಿದಿರಿ, ಹೀಗೆ ಒಂದು ಸಲವೂ ಮಲಗಿ ನೋಡಿಲ್ಲ ಅನ್ನಿಸಿ ಪಾಪ ಅನ್ನಿಸಿತು.

ಮಗಳು ನಮಸ್ಕಾರ ತಿಳಿಸಿದ್ದಾಳೆ, ಅಳಿಯಂದಿರೂ. ಮೊಮ್ಮಗಳು ತಾತನಿಗೆ ಮುತ್ತು ಕಳಿಸಿದ್ದಾಳೆ, ಕಾಗದದ ಮೂಲೆಯಲ್ಲಿ ಅಂಟಂಟಾಗಿದೆಯಲ್ಲ, ಅದೇ. ನರ್ಸಮ್ಮನಿಗೆ ನನ್ನ ಕಡೆಯಿಂದ ಒಳ್ಳೆಯದಾಗಲಿ ಅನ್ನಿ. ಮಾತ್ರೆ ನುಂಗಿ, ಉಗುಳಬೇಡಿ. ನಿಮ್ಮ ಮೈ ಬೇಗ ಗಟ್ಟಿಯಾಗಲಿ, ನನ್ನ ಆಯಸ್ಸಿನಲ್ಲಿ ಸ್ವಲ್ಪ ಸೇರಿಸಿಕೊಂಡಾದರೂ.

ನೀವು ‘ಇವಳೇ’ ಅಂತ ಕೂಗುವ
ಇವಳು

ಅವಸರದಲ್ಲಿ ಒಂದು ಮಾತು: ಈ ಕಾಗದ ಅಂಚೆಗೆ ಹಾಕಲಿಲ್ಲ, ನಾನೇ ತಂದಿದ್ದೇನೆ, ನರ್ಸಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾನು ಮೇಲೆ ಬರುವುದಿಲ್ಲ, ಬಂದರೆ ಕಣ್ಣು ಮುಚ್ಚಿಕೊಳ್ಳುತ್ತೀರಿ. ಮೂರನೇ ಮಹಡಿಯ ಮನೆ ಬಿಟ್ಟೆ, ಬೀಗದ ಕೈ ಮನೆಯೊಡತಿಗೆ ಕೊಟ್ಟಾಯಿತು, ಇನ್ನು ನಮಗೆ ಮೆಟ್ಟಿಲಿಲ್ಲ. ಗಾಡಿಯ ಬಾಗಿಲಿಗೆ ಉದ್ದನೆಯ ಇಳಿಜಾರು ಹಲಗೆ ಹಾಕಿಸಿದ್ದೇನೆ, ಗಾಲಿಕುರ್ಚಿಯನ್ನು ನಿಮ್ಮ ಕೈಯಿಂದಲೇ ತಳ್ಳಿಕೊಂಡು ಒಳಗೆ ಬರಬಹುದು, ಯಾರೂ ಹೊರುವುದಿಲ್ಲ. ಮಗಳ ಮನೆಯ ಹಿತ್ತಲಲ್ಲಿ ನಿಲ್ಲಿಸಲು ಜಾಗ ಮಾಡಿದ್ದಾರೆ, ಅಲ್ಲಿ ಬೇಜಾರಾದರೆ ಮುಂದಕ್ಕೆ ಹೊರಡೋಣ. ಡಾಕ್ಟರು ಈಗ ಬಂದು, ಹೋಗುತ್ತೀರಾ, ಮನೆ ಎಲ್ಲಿ ಅಂತ ನಿಮ್ಮನ್ನೇ ಕೇಳುತ್ತಾರೆ. ಕಿಟಕಿಯ ಪರದೆ ಸರಿಸಿ ಒಂದು ಸಲ ನೋಡಿ. ಆಮೇಲೆ, ಕೆಳಗಡೆ ನಿಂತಿದೆ ಅನ್ನಿ.